ಕ್ಯಾರವಾನು ಬಾಲ ಅಲ್ಲಾಡಿಸದಂತೆ ಸ್ಟೆಬಿಲೈಸರ್ ಆಯ್ಕೆ ಮಾಡುವ ಕುರಿತು

ಸಂಖ್ಯೆ: ಇ/ಕ್ಯಾ.ಬಾ.ಅ/17/ಮೂರನೇ ಸಲ
ಸ್ಥಳ: ಅಡುಗೆಮನೆಯ ಮೇಜು, ಕೀತ್ಲಿ
ದಿನಾಂಕ: ಮೇ ತಿಂಗಳ ಮಂಗಳವಾರ, ಬಟ್ಟೆ ಎರಡನೇ ಸಲ ಒಗೆದ ನಂತರ

ಸುತ್ತೋಲೆ

ವಿಷಯ: ಕಾರಿನ ಹಿಂದೆ ಎಳೆದೊಯ್ಯುವ ಕುಟುಂಬದ ಗಾಲಿಮನೆಗೆ, ಅಂದರೆ ಕ್ಯಾರವಾನಿಗೆ, ತಕ್ಕ ಸ್ಟೆಬಿಲೈಸರ್ ಅನ್ನು (ಅಲ್ಲಾಟ ತಡೆಯುವ ಸಾಧನವನ್ನು) ಶನಿವಾರದೊಳಗೆ ಆಯ್ಕೆ ಮಾಡುವ ಬಗ್ಗೆ.

ಉಲ್ಲೇಖ:
1. ಈಸ್ಟರ್ ಸೋಮವಾರ ಮಾಲ್ಟನ್ ರಸ್ತೆಯಲ್ಲಿ ನಡೆದ ಘಟನೆ.
2. ಅದು ಘಟನೆಯೇ ಅಲ್ಲ, ಬರೀ ಗಾಳಿ ಎಂಬ ಶ್ರೀ ಡೆರಿಕ್ ಹೋಲ್ರಾಯ್ಡ್ ಅವರ ಮೌಖಿಕ ಹೇಳಿಕೆ (ಹದಿನೆಂಟು ಬಾರಿ).
3. ಮೂರನೇ ಡ್ರಾಯರಿನಿಂದ ಕಾಣೆಯಾಗಿರುವ, ಪೈ ಮೇಲೆ ಬೆಣ್ಣೆ ಸವರುವ ಪೇಸ್ಟ್ರಿ ಬ್ರಷ್ ಕುರಿತ ಪ್ರತ್ಯೇಕ ಕಡತ.

ಪ್ರಸ್ತಾವನೆ:

ಇಂದು ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಇಲಾಖೆಯ ಅಧೀಕ್ಷಕರಾದ ಶ್ರೀಮತಿ ಲಿಂಡ್ಸೆ ಹೋಲ್ರಾಯ್ಡ್ ಅವರು ಹಿತ್ತಲಿನಲ್ಲಿ ಹಾಸಿಗೆಯ ಹೊದಿಕೆಯನ್ನು ಒಣಹಾಕುತ್ತಿದ್ದರು. ಅವರ ಬಾಯಲ್ಲಿ ಎರಡು ಕ್ಲಿಪ್ಪುಗಳಿದ್ದವು. ಈ ಸಂದರ್ಭದಲ್ಲಿ ಅವರ ಪತಿ ಶ್ರೀ ಡಂಕನ್ ಅವರು ಟೋಸ್ಟ್ ಸಮೇತ ಹಾಜರಾಗಿ, “ನೋಡು ಲಿಂಡ್ಸೆ, ಶನಿವಾರ ಇನ್ನೊಂದೇ ಒಂದ್ ಸಲ ಅದು ಬಾಲ ಅಲ್ಲಾಡಿಸ್ಲಿ, ಅಲ್ಲಿಂದಲೇ ವಾಪಸ್ ತಿರುಗಿಸಿ ಮಾರ್ಬಿಡ್ತೀನಿ. ಪಕ್ಕದ್ಮನೆಯೋರ ಮೈದುನ ತಗೋತೀನಿ ಅಂದಿದಾನೆ,” ಎಂದು ಘೋಷಿಸಿರುತ್ತಾರೆ. ಬಾಯಲ್ಲಿ ಕ್ಲಿಪ್ಪುಗಳಿದ್ದ ಕಾರಣ ಅಧೀಕ್ಷಕರು ತಕ್ಷಣ ಆಕ್ಷೇಪಣೆ ಸಲ್ಲಿಸಲು ಸಾಧ್ಯವಾಗಿರುವುದಿಲ್ಲ. ಹೊದಿಕೆ ಮಣ್ಣಿಗೆ ಬಿದ್ದಿರುತ್ತದೆ.

ಕ್ಯಾರವಾನಿನೊಳಗೆ ಕಿಟಕಿ ಒರೆಸುತ್ತಿದ್ದ ಡಂಕನ್ ಅವರ ತಂದೆ ಶ್ರೀ ಡೆರಿಕ್ ಅವರು ತಲೆ ಹೊರಹಾಕಿ, “ನಲ್ವತ್ ವರ್ಷದಿಂದ ಎಳೀತಿದೀನಿ ಕಣೋ, ಒಂದ್ ದಿನಾನೂ ಅಲ್ಲಾಡಿಲ್ಲ!” ಎಂದಿರುತ್ತಾರೆ. ಅದಕ್ಕೆ ಶ್ರೀ ಡಂಕನ್, “ಆಗಿನ ನಿನ್ ಕಾರು ಓಡಿದ್ರೆ ತಾನೇ ಅಪ್ಪಾ ಅಲ್ಲಾಡೋಕೆ?” ಎಂದಿರುತ್ತಾರೆ. ಕಿಟಕಿ ಮುಚ್ಚಲ್ಪಟ್ಟಿರುತ್ತದೆ.

ಶನಿವಾರ ಹೊರಟು ಫೈಲಿ ಕಡಲತೀರದಲ್ಲಿ ಕಳೆಯುವ ಆ ಒಂದು ವಾರಕ್ಕಾಗಿ ಶ್ರೀ ಡೆರಿಕ್ ಅವರು ವರ್ಷವಿಡೀ ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕುತ್ತ ಬರುತ್ತಾರೆಂಬುದನ್ನೂ, ಎಂಟು ವರ್ಷದ ಮೊಮ್ಮಗಳು ಕುಮಾರಿ ಟಿಲ್ಲಿ ಅದೇ ಕ್ಯಾಲೆಂಡರಿನಲ್ಲಿ ಅದೇ ಪೆನ್ನಿನಿಂದ ಮತ್ತೊಮ್ಮೆ ಹೊಡೆಯುತ್ತಾಳೆಂಬುದನ್ನೂ ಇಲಾಖೆಯು ಗಮನಿಸಿದೆ. ಆದ್ದರಿಂದ ಈ ಕೆಳಕಂಡಂತೆ ಸೂಚಿಸುವುದು ಅನಿವಾರ್ಯವಾಗಿದೆ.

1. ವ್ಯಾಖ್ಯೆ. ‘ಬಾಲ ಅಲ್ಲಾಡಿಸುವುದು’ ಎಂದರೆ, ಕಾರು ನೇರವಾಗಿ ಹೋಗಲು ಬಯಸುತ್ತಿರುವಾಗ ಹಿಂದಿನ ಕ್ಯಾರವಾನು ಎಡಕ್ಕೂ ಬಲಕ್ಕೂ ತೂಗಿ ಭಿನ್ನಾಭಿಪ್ರಾಯ ವ್ಯಕ್ತಪಡಿಸುವುದು. ಅಧೀಕ್ಷಕರ ಮಡಿಲಿನ ಫ್ಲಾಸ್ಕಿನಿಂದ ಒಂದು ಚಮಚ ಚಹಾ ಚೆಲ್ಲಿದರೆ ಅದು ಗಾಳಿ. ಒಂದು ಕಪ್ ಚೆಲ್ಲಿದರೆ ಅದು ಅಲ್ಲಾಟ. ಈಸ್ಟರ್ ಸೋಮವಾರ ಚೆಲ್ಲಿದ್ದು ಫ್ಲಾಸ್ಕು.

2. ಪರಿಗಣನೆಯಲ್ಲಿರುವ ಸ್ಟೆಬಿಲೈಸರುಗಳು ಮೂರು.

(ಅ) ಪಟ್ಟಿಯದು. ಕಾರಿಗೂ ಕ್ಯಾರವಾನಿಗೂ ನಡುವೆ ಹಾಕುವ ಉದ್ದನೆಯ ಉಕ್ಕಿನ ಪಟ್ಟಿ. ಶ್ರೀ ಡೆರಿಕ್ ಅವರ ಶೆಡ್ಡಿನ ಪಕ್ಕ ಒಂದಿದ್ದು, ಸದ್ಯ ಟೊಮೆಟೊ ಗಿಡಕ್ಕೆ ಆಸರೆಯಾಗಿರುತ್ತದೆ. ಗಿಡದ ಒಪ್ಪಿಗೆ ಬಂದಿಲ್ಲ.

(ಆ) ಹಿಡಿತದ್ದು. ಕ್ಯಾರವಾನನ್ನು ಸಿಕ್ಕಿಸುವ, ಕಾರಿನ ಹಿಂಬದಿಯ ಉಕ್ಕಿನ ಗುಂಡನ್ನು ಎರಡು ಕಡೆಯಿಂದ ಬಿರುಸಾದ ಪ್ಯಾಡುಗಳು ಅಮುಕಿ ಹಿಡಿಯುತ್ತವೆ. ಹಿಡಿತ ಬಿಗಿಯಾದಷ್ಟೂ ಅಲ್ಲಾಟ ಕಡಿಮೆ. ಈಸ್ಟರ್ ನಂತರ ಶ್ರೀ ಡಂಕನ್ ಇದನ್ನೇ ತಂದು ಕೂರಿಸಿದ್ದು, ಸ್ಕಿಪ್ಟನ್ ರಸ್ತೆಯಲ್ಲಿ ಎರಡು ಬಾರಿ ಪರೀಕ್ಷಿಸಲಾಗಿ, ಎರಡೂ ಬಾರಿ ಕ್ಯಾರವಾನು ಮದುವೆ ಮನೆಯ ಚಿಕ್ಕಪ್ಪನಂತೆ ಕುಣಿದಿರುತ್ತದೆ. ಪ್ಯಾಡುಗಳನ್ನು ಬದಲಿಸಿದರೂ ಪ್ರಯೋಜನವಾಗಿಲ್ಲ.

(ಇ) ವಿದ್ಯುತ್ತಿನದು. ಅಲ್ಲಾಟವನ್ನು ತಾನೇ ಅರಿತು ಕ್ಯಾರವಾನಿನ ಬ್ರೇಕನ್ನು ತಾನೇ ಹಾಕುತ್ತದೆ. “ಅದಕ್ಕೆ ಬುದ್ಧಿ ಇದೆಯಂತೆ,” ಎಂದು ಶ್ರೀ ಡಂಕನ್ ಹೇಳಿದಾಗ, “ಮನೇಲಿ ಒಬ್ರಿಗಾದ್ರೂ ಇರ್ಲಿ ಬಿಡು,” ಎಂದು ಶ್ರೀ ಡೆರಿಕ್ ಶಿಫಾರಸು ಮಾಡಿರುತ್ತಾರೆ.

3. ಕೊಂಡಿಯ ಮೇಲೆ ಕ್ಯಾರವಾನಿನ ಮೂತಿ ಎಷ್ಟು ಭಾರ ಹಾಕುತ್ತದೆಂದು ಅಳೆಯಲು ಬಚ್ಚಲುಮನೆಯ ತೂಕದ ಯಂತ್ರವನ್ನು ಒಯ್ಯುವವರು, ಅದನ್ನು ಒರೆಸಿ, ಮುಳ್ಳನ್ನು ಸೊನ್ನೆಗೆ ತಂದು ಹಿಂದಿರುಗಿಸತಕ್ಕದ್ದು. ಕಳೆದ ವಾರ ಹಾಗೆ ಮಾಡದ ಕಾರಣ ಅಧೀಕ್ಷಕರು ಒಂದೇ ರಾತ್ರಿಯಲ್ಲಿ ಹನ್ನೊಂದು ಕಿಲೋ ಹೆಚ್ಚಾಗಿ, ಎರಡು ದಿನ ಬರೀ ಸೆಲರಿ ಸೊಪ್ಪು ಸೇವಿಸಿರುತ್ತಾರೆ.

4. ಭಾರದ ಸಾಮಾನನ್ನು ಚಕ್ರಗಳ ನೇರಕ್ಕೆ, ಕ್ಯಾರವಾನಿನ ನೆಲದ ಮೇಲೆಯೇ ಇಡತಕ್ಕದ್ದು. ಹಿಂಬದಿಯ ಕಪಾಟಿನಲ್ಲಿ ಬೇಯಿಸಿದ ಬೀನ್ಸಿನ ಇಪ್ಪತ್ನಾಲ್ಕು ಡಬ್ಬಿಗಳು ಪತ್ತೆಯಾಗಿ, ಸ್ಥಳಾಂತರಿಸಲ್ಪಟ್ಟಿವೆ. ಫೈಲಿಯಲ್ಲಿ ಅಂಗಡಿಗಳಿವೆ ಎಂದು ಶ್ರೀ ಡೆರಿಕ್ ಅವರಿಗೆ ಈಗಾಗಲೇ ಮೂರು ಬಾರಿ ತಿಳಿಸಲಾಗಿದ್ದು, ಅವರು ಅದನ್ನು ವದಂತಿ ಎಂದು ಭಾವಿಸಿರುತ್ತಾರೆ.

(ಇಲ್ಲಿ ಆಲೂಗಡ್ಡೆ ಉಕ್ಕಿದ ಕಾರಣ ಕಡತವನ್ನು ಏಳು ನಿಮಿಷ ಮುಚ್ಚಲಾಗಿತ್ತು.)

5. ಹೊರಡುವ ಮುನ್ನ ಶ್ರೀ ಡೆರಿಕ್ ಅವರು ನಡೆಸುವ ವಿಧಿಗಳಿಗೆ ಯಾರೂ ಅಡ್ಡಿಪಡಿಸತಕ್ಕದ್ದಲ್ಲ. ಅವುಗಳೆಂದರೆ: ಪ್ರತಿ ಚಕ್ರಕ್ಕೂ ಎರಡೆರಡು ಒದೆ, ಹಳೆಯ ಸಾಸಿವೆ ಡಬ್ಬಿಯಲ್ಲಿಟ್ಟ ಗ್ರೀಸನ್ನು ಕೊಂಡಿಯ ಉಕ್ಕಿನ ಗುಂಡಿನ ಮೇಲೆ, ಬ್ರೆಡ್ಡಿಗೆ ಬೆಣ್ಣೆ ಸವರಿದಂತೆ, ನಿಧಾನವಾಗಿ ಸುತ್ತಲೂ ಸವರುವುದು, ಬಳಿಕ ದಿವಂಗತ ಪತ್ನಿ ಮಾರ್ಜರಿಯವರು ಹೊಲಿದ ಪರದೆಗಳನ್ನು ಒಮ್ಮೆ ನೇರ ಮಾಡುವುದು, ಒಂದು ಕಪ್ ಚಹಾ. ಇವು ನಲವತ್ತು ವರ್ಷಗಳಿಂದ ತಪ್ಪದೆ ನಡೆದುಬಂದಿದ್ದು, ಅವರಿಗೆ ಇಂದಿಗೂ ಉಳಿದಿರುವ ಏಕೈಕ ಅಧಿಕೃತ ಹುದ್ದೆ ಇದಾಗಿರುತ್ತದೆ.

6. ಪ್ರಯಾಣದ ವೇಳೆ “ನಾನ್ ಹೇಳ್ಲಿಲ್ವಾ?” ಎಂಬ ವಾಕ್ಯವನ್ನು ಕೀತ್ಲಿಯಿಂದ ಮಾಲ್ಟನ್‌ವರೆಗೆ ತಲಾ ಒಂದು ಬಾರಿ ಮಾತ್ರ ಬಳಸಬಹುದು. ಬಳಸದೆ ಉಳಿದದ್ದನ್ನು ವಾಪಸ್ ಬರುವಾಗ ಬಳಸಲು ಅವಕಾಶವಿಲ್ಲ. ಅರ್ಥಪೂರ್ಣ ನಿಟ್ಟುಸಿರನ್ನೂ ವಾಕ್ಯವೆಂದೇ ಎಣಿಸಲಾಗುವುದು.

7. ಅಲ್ಲಾಟ ಶುರುವಾದಲ್ಲಿ ಚಾಲಕರು ಬ್ರೇಕ್ ತುಳಿಯದೆ, ಸ್ಟೀರಿಂಗ್ ಜಗ್ಗದೆ, ವೇಗದ ಪೆಡಲಿನಿಂದ ಕಾಲನ್ನು ಮೆಲ್ಲಗೆ ಎತ್ತತಕ್ಕದ್ದು. ಮುಂದಿನ ಸೀಟಿನವರು ಇಲ್ಲದ ಬ್ರೇಕನ್ನು ತುಳಿಯತಕ್ಕದ್ದಲ್ಲ. ಇದು ಅಧೀಕ್ಷಕರಿಗೇ ಅನ್ವಯಿಸುತ್ತದೆಂದು ಅಧೀಕ್ಷಕರು ಬಲ್ಲರು.

8. ನೆರೆಮನೆಯ ಶ್ರೀಮತಿ ಪಿಕರ್ಸ್‌ಗಿಲ್ ಅವರು ಟೇಪು ಹಿಡಿದು ಬೇಲಿಯ ಮೇಲಿನಿಂದ ಕ್ಯಾರವಾನಿನ ಉದ್ದ ಅಳೆಯುವುದನ್ನು ಶನಿವಾರದ ಫಲಿತಾಂಶ ಬರುವವರೆಗೆ ನಿಲ್ಲಿಸುವಂತೆ ಕೋರಲಾಗಿದೆ. “ಸುಮ್ನೆ ನೋಡ್ದೆ ಕಣಮ್ಮಾ, ನಮ್ ಮೈದುನಂಗೆ ಹೇಳೋಕೆ,” ಎಂಬ ಅವರ ವಿವರಣೆಯನ್ನು ಸ್ವೀಕರಿಸಲಾಗಿದೆ. ಟೇಪನ್ನು ಸ್ವೀಕರಿಸಲಾಗಿಲ್ಲ.

9. ಕಲಂ 2(ಆ)ರ ಹೊಸ ಸ್ಟೆಬಿಲೈಸರಿನ ಡಬ್ಬದಲ್ಲಿದ್ದ ಸೂಚನಾ ಹಾಳೆಯ ಬಗ್ಗೆ. “ಇದನ್ನೆಲ್ಲ ಓದ್ಕೊಂಡ್ ಕೂತ್ರೆ ಫೈಲಿಗೆ ಕ್ರಿಸ್‌ಮಸ್‌ಗೇ ಹೋಗೋದು,” ಎಂದು ಶ್ರೀ ಡಂಕನ್ ಅದನ್ನು ಬದಿಗಿಟ್ಟಿರುತ್ತಾರೆ. ಶ್ರೀ ಡೆರಿಕ್ ಅವರು ಅದನ್ನು ನೋಡಲೂ ನಿರಾಕರಿಸಿರುತ್ತಾರೆ. ಹಿಂಬದಿ ಖಾಲಿ ಇದ್ದ ಕಾರಣ ಅಧೀಕ್ಷಕರೇ ಅದನ್ನು ಕುಮಾರಿ ಟಿಲ್ಲಿಗೆ ಏಡಿಯ ಚಿತ್ರ ಬರೆಯಲು ಕೊಟ್ಟಿರುತ್ತಾರೆ. ಈವರೆಗೆ ಯಾರೂ ಕೇಳದಿರುವುದರಿಂದ ಹಾಳೆಯನ್ನು ಹಿಂದಿರುಗಿಸುವ ಅಗತ್ಯವಿರುವುದಿಲ್ಲ.

10. ಕುಮಾರಿ ಟಿಲ್ಲಿಯ ಬಾಕಿ ಇರುವ ಪ್ರಶ್ನೆ. ಕಳೆದ ಒಂಬತ್ತು ದಿನಗಳಿಂದ ಸದರಿಯವಳು ಪ್ರತಿ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು, “ಅಮ್ಮಾ, ಒಂದ್ ಕೇಳ್ಲಾ?” ಎಂದು ಆರಂಭಿಸಿ, ಕಿಟಕಿಯಾಚೆ ತಾತನ ಶೆಡ್ಡಿನ ಕಡೆ ನೋಡಿ, “ಏನಿಲ್ಲ, ಟೋಸ್ಟ್ ಕೊಡು,” ಎಂದು ಮುಗಿಸುತ್ತಿದ್ದಾಳೆ. ಈ ಪ್ರಶ್ನೆಯ ಬದಲಾಗಿ ಈವರೆಗೆ ಒಂಬತ್ತು ಟೋಸ್ಟ್ ವಿತರಿಸಲಾಗಿದೆ. ಕೇಳಿದರೆ ತಾತನಿಗೆ ಬೇಸರವಾದೀತು, ಕೇಳದಿದ್ದರೆ ಇನ್ನೇನೋ ಆದೀತು ಎಂಬಂತಹ ಮುಖ ಅದು. ಅಧೀಕ್ಷಕರು ತಾಯಿಯಾಗಿರುವುದರಿಂದ ಆ ಮುಖವನ್ನು ಬಲ್ಲರು, ಪ್ರಶ್ನೆಯನ್ನು ಅರಿಯರು.

11. ಆದ್ದರಿಂದ, ಅವಳನ್ನು ಯಾರೂ ಒತ್ತಾಯಿಸತಕ್ಕದ್ದಲ್ಲ. ಅಡುಗೆಮನೆಯ ಬಾಗಿಲನ್ನು ತೆರೆದೇ ಇಡತಕ್ಕದ್ದು. ಪ್ರಶ್ನೆ ಯಾವುದೇ ಇರಲಿ, ಯಾರ ಬಗ್ಗೆಯೇ ಇರಲಿ, ಅದರಿಂದ ಈ ಮನೆಯಲ್ಲಿ ಯಾರೂ ಯಾರ ಕಣ್ಣಲ್ಲೂ ಚಿಕ್ಕವರಾಗುವುದಿಲ್ಲ ಎಂದು ಈ ಮೂಲಕ ಖಾತರಿ ನೀಡಲಾಗಿದೆ. ತಾತಂದಿರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

12. ಅಂತಿಮ ಪರೀಕ್ಷೆಯು ಶನಿವಾರ ಬೆಳಿಗ್ಗೆ ಫೈಲಿಗೆ ಹೋಗುವ ದಾರಿಯಲ್ಲೇ ನಡೆಯುವುದು. ಪರಿಹಾರ ತಿಳಿದವರು ಅಷ್ಟರೊಳಗೆ ಅಧೀಕ್ಷಕರಿಗೆ ಖುದ್ದಾಗಿ ತಿಳಿಸಬೇಕು. ಪೇಸ್ಟ್ರಿ ಬ್ರಷ್ ಕಂಡವರೂ ತಿಳಿಸಬೇಕು. ಗುರುವಾರ ಸೇಬಿನ ಪೈ ಇದೆ.

ಸಹಿ/-
ಲಿಂಡ್ಸೆ ಹೋಲ್ರಾಯ್ಡ್
ಅಧೀಕ್ಷಕರು, ಹಾಗೂ ಸಿಬ್ಬಂದಿ ಕೊರತೆಯಿಂದಾಗಿ ಬಟ್ಟೆ, ಪಾತ್ರೆ ಮತ್ತು ಆಲೂಗಡ್ಡೆ

ಪ್ರತಿಗಳು:
1. ಶ್ರೀ ಡಂಕನ್ ಅವರಿಗೆ, ಓದುವ ಸಲುವಾಗಿ. ಇದನ್ನಾದರೂ.
2. ಶ್ರೀ ಡೆರಿಕ್ ಅವರಿಗೆ, ಶೆಡ್ಡಿನ ಬಾಗಿಲಿನ ಕೆಳಗಿನಿಂದ, ಒಂದು ಬಿಸ್ಕತ್ತಿನೊಂದಿಗೆ.
3. ಶ್ರೀಮತಿ ಪಿಕರ್ಸ್‌ಗಿಲ್ ಅವರಿಗೆ, ಬೇಲಿಯ ಮೇಲಿನಿಂದ.
4. ಟೊಮೆಟೊ ಗಿಡಕ್ಕೆ, ಮಾಹಿತಿಗಾಗಿ.
5. ಕಚೇರಿ ಪ್ರತಿ, ಫ್ರಿಜ್ಜಿನ ಬಾಗಿಲು.
6. ಕುಮಾರಿ ಟಿಲ್ಲಿಗೆ, ಖುದ್ದಾಗಿ. ಈ ಪ್ರತಿಯನ್ನು ಫ್ರಿಜ್ಜಿಗೆ ಅಂಟಿಸುತ್ತಿರುವಾಗಲೇ ಸದರಿಯವಳು ಬಾಗಿಲಲ್ಲಿ ಹಾಜರಾಗಿ, ಕಲಂ ಹನ್ನೊಂದನ್ನು ಬೆರಳಿಟ್ಟು ಎರಡು ಸಲ ಓದಿಕೊಂಡು, ಬೆನ್ನ ಹಿಂದಿನಿಂದ ಸೂಚನಾ ಹಾಳೆಯನ್ನು ತೆಗೆದಿರುತ್ತಾಳೆ. ಒಂದು ಬದಿಯಲ್ಲಿ ಏಡಿ ಇತ್ತು. ಇನ್ನೊಂದು ಬದಿಯಲ್ಲಿ ಎಣ್ಣೆ ಡಬ್ಬಿಯ ಚಿತ್ರವಿದ್ದು, ಅದರ ಮೇಲೆ ದೊಡ್ಡದಾಗಿ ಕೆಂಪು ಅಡ್ಡಗೆರೆ ಅಚ್ಚಾಗಿತ್ತು. ಟೋಸ್ಟ್ ಬೇಡವೆಂದು ತಿಳಿಸಿ ಸದರಿಯವಳು ಕೇಳಿದ ಪ್ರಶ್ನೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಅಮ್ಮಾ, ಆ ಸ್ಟೆಬಿಲೈಸರ್ರು ಗುಂಡನ್ನ ಗಟ್ಟಿಯಾಗಿ ಹಿಡ್ಕೊಂಡ್ರೆ ತಾನೇ ಅಲ್ಲಾಡಲ್ಲ? ಮತ್ತೆ ತಾತ ಯಾಕೆ ಪ್ರತಿ ಸಲ ನಿನ್ ಪೇಸ್ಟ್ರಿ ಬ್ರಷ್ಷಲ್ಲಿ ಅದಕ್ಕೆ ಗ್ರೀಸ್ ಹಚ್ತಾರೆ?”