ಕಲ್ಮೇಶನ ಗಾಡಿಯ ಶೋಕಿ ಅಳೆದದ್ದು

ಅಳತೆ ಮತ್ತು ಮರುಅಳತೆ ಇಲಾಖೆಯ ಯಾವುದೇ ನೌಕರನು ತನ್ನ ಮೇಲಧಿಕಾರಿಯ ವಾಹನಕ್ಕಿಂತ ಹೆಚ್ಚು ಶೋಕಿಯಾದ ವಾಹನವನ್ನು ಹೊಂದತಕ್ಕದ್ದಲ್ಲ. ಇದು ನಿಯಮ ಹದಿನೇಳು, ಉಪನಿಯಮ ಮೂರು. ಇದನ್ನು ಯಾರು ಬರೆದರು, ಯಾಕೆ ಬರೆದರು ಎಂದು ಬೈಲಹೊಂಗಲದ ಕಚೇರಿಯಲ್ಲಿ ಈವರೆಗೆ ಯಾರೂ ಕೇಳಿಲ್ಲ. ಕೇಳುವುದಕ್ಕೆ ಪ್ರತ್ಯೇಕ ನಮೂನೆ ಇದೆ. ಅದು ಇನ್ನೂ ಮುದ್ರಣವಾಗಿ ಬಂದಿಲ್ಲ.

ಅದೇ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಗುಮಾಸ್ತನಾಗಿದ್ದ ಕಲ್ಮೇಶನಿಗೆ ಈ ನಿಯಮ ಗೊತ್ತಿರಲಿಲ್ಲ. ಗೊತ್ತಾಗುವ ಪ್ರಸಂಗವೂ ಬಂದಿರಲಿಲ್ಲ. ಅವನು ದಿನಾ ನೇಸರಗಿಯಿಂದ ಬಸ್ಸಿಗೆ ಬರುತ್ತಿದ್ದ, ಮತ್ತು ಬಸ್ಸು ಅವನ ಹೆಸರಿನಲ್ಲಿರಲಿಲ್ಲ.

ಗಾಡಿಯ ಮಾತು ಮೊದಲು ಎತ್ತಿದವಳು ಅವನ ತಾಯಿ ರಾಚವ್ವ. ಮೊಣಕಾಲು ತೋರಿಸಲು ತಿಂಗಳಿಗೊಮ್ಮೆ ಬೆಳಗಾವಿಗೆ ಹೋಗಬೇಕಾಗುತ್ತಿತ್ತು. ಬಸ್ಸು ಹತ್ತುವಾಗ ಕಂಡಕ್ಟರ್ ಮೇಲಿನಿಂದ ಎಳೆಯುತ್ತಿದ್ದ, ಮಗ ಕೆಳಗಿನಿಂದ ನೂಕುತ್ತಿದ್ದ.

"ನಾ ಏನ್ ಜ್ವಾಳದ ಚೀಲ ಏನೋ?" ಎಂದು ಆಕೆ ಒಂದು ದಿನ ನಡುಬಸ್ಸಿನಲ್ಲೇ ಕೇಳಿದಳು. ಕಲ್ಮೇಶ ಕಿಸೆಯಿಂದ ಟಿಕೆಟ್ಟಿನ ಚಿಲ್ಲರೆ ಹುಡುಕತೊಡಗಿದ.

ಹೆಂಡತಿ ಮೀನಾಳ ಸಂಕಟ ಬೇರೆಯದು. "ಮುಂದಿನ ತಿಂಗಳು ರಾಮದುರ್ಗದಾಗ ನನ್ನ ತಂಗಿ ಮನಿ ಓಪನಿಂಗ್ ಐತಿ. ಹ್ವಾದ ವರ್ಷ ಆಕಿ ಮಗನ ಜವಳಕ್ಕ ನಾವು ಟಂಟಂ ಆಟೋದಾಗ ಹೋಗಿ ಇಳದ್ವಿ. ಆಕಿ ಗಂಡ ಮಡಿವಾಳೆಪ್ಪ ಬಾಗಲದಾಗ ನಿಂತಿದ್ದ. ಟಂಟಂ ಡ್ರೈವರಗ ನಮಸ್ಕಾರ ಮಾಡಿದ, ನಿಮಗ ಮಾಡಲಿಲ್ಲ. ನೀವು ನೋಡ್ಲಿಲ್ಲ, ನಾ ನೋಡಿದೆ."

ಕಲ್ಮೇಶ ನೋಡಿದ್ದ. ತನ್ನ ಷಡ್ಡಕನ ಆ ನಮಸ್ಕಾರ ಪಕ್ಕದಿಂದ ಹಾದುಹೋದದ್ದು ಅವನಿಗೆ ಒಂದು ವರ್ಷದಿಂದ ಚುಚ್ಚುತ್ತಲೇ ಇತ್ತು. ಹೆಂಡತಿಯ ಎದುರು ಹೇಳಿಕೊಂಡಿರಲಿಲ್ಲ, ಅಷ್ಟೇ.

ಹೀಗಾಗಿ ಮನೆಯಲ್ಲಿ ಸಭೆ ಕೂಡಿತು. ರಾಚವ್ವನಿಗೆ ಹತ್ತುವ ಮೆಟ್ಟಿಲು ತಗ್ಗಿನಲ್ಲಿರಬೇಕು, ಆದರೆ ಕೂತ ಮೇಲೆ ಎತ್ತರದಿಂದ ಬೇರೆಯವರ ಹೊಲ ಕಾಣಬೇಕು. ಮೀನಾಳಿಗೆ ಗಾಡಿ ಹೋಗಿ ನಿಂತರೆ ಮಂದಿ ಮನೆಯಿಂದ ಹೊರಗೆ ಬಂದು ನೋಡಬೇಕು. ಕಾಲೇಜಿಗೆ ಹೋಗುವ ಮಗಳು ಮಧು, "ಲುಕ್ ಇರ್ಬೇಕಪ್ಪಾ, ಮ್ಯಾಲ ಕಿಡಕಿ ಇರ್ಬೇಕು" ಎಂದಳು. ಕಲ್ಮೇಶನದು ಒಂದೇ ಷರತ್ತು: ಐದು ಲಕ್ಷದೊಳಗೆ ಇರಬೇಕು. ಎಲ್ಲ ಷರತ್ತುಗಳನ್ನೂ ಒಮ್ಮತದಿಂದ ಅಂಗೀಕರಿಸಲಾಯಿತು.

ಮೊದಲ ರವಿವಾರ ಕಿತ್ತೂರಿಗೆ ಹೋದರು. ಅಲ್ಲಿಯ ಗಾಡಿ ಚಂದವಿತ್ತು, ಆದರೆ ಅದರ ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿತ್ತು. "ಮತ್ತ ಒಳಗ ಹೋಗೂದು ಹ್ಯಾಂಗ್ರಿ?" ಎಂದು ಕಲ್ಮೇಶ ಕೇಳಿದ್ದಕ್ಕೆ ಮಾಲೀಕ, "ಒಬ್ಬರು ಒಳಗ ಇರಬೇಕಾಗ್ತದರಿ" ಎಂದ. ಎರಡನೆಯ ರವಿವಾರ ಸವದತ್ತಿ. ಆ ಗಾಡಿಯ ಎಂಜಿನ್ ಚಾಲೂ ಇತ್ತು, ಒಂದು ತಾಸು ಕಳೆದರೂ ಮಾಲೀಕ ಬಂದ್ ಮಾಡಲಿಲ್ಲ.

"ಯಾಕ್ರಿ, ಬಂದ್ ಮಾಡವಲ್ರಿ?"

"ಬಂದ್ ಮಾಡಿದ್ರ ಮುಂದ ನಾಕ ಮಂದಿ ನೂಕಬೇಕ್ರಿ. ಇವತ್ತ ಮಂದಿ ಇಲ್ಲ."

ಮೂರನೆಯ ರವಿವಾರ ಬೈಲಹೊಂಗಲದ ಶಟ್ಟೆಪ್ಪನ ಹಳೇ ಗಾಡಿ ಅಂಗಡಿಗೆ ಬಂದರು. ಅಂಗಳದಲ್ಲಿ ಹತ್ತು ಗಾಡಿ ನಿಂತಿದ್ದವು. ಒಂಬತ್ತರ ಬಗ್ಗೆ ಶಟ್ಟೆಪ್ಪ, "ಇದು ಡಾಕ್ಟರ ಹೊಡದ ಗಾಡಿರಿ, ರವಿವಾರ ಅಷ್ಟ ಹೊರಗ ತಗೀತಿದ್ರು" ಎಂದ. ಆ ಊರಲ್ಲಿ ಅಷ್ಟು ಡಾಕ್ಟರರಿಲ್ಲ. ಹತ್ತನೆಯದರ ಬಗ್ಗೆ ಏನೂ ಹೇಳದೇ ಇದ್ದುದರಿಂದ ಕಲ್ಮೇಶ ಅದನ್ನೇ ನೋಡಿದ. ಕೆಂಪು ಬಣ್ಣ, ಏಳು ಸೀಟು, ಎಂಟು ವರ್ಷ ವಯಸ್ಸು, ಹೊಳೆಯುವ ಅಲಾಯ್ ಚಕ್ರ, ಛಾವಣಿಯಲ್ಲಿ ಗಾಜಿನ ಕಿಟಕಿ. ಜೊತೆಗೆ ಕರೆತಂದಿದ್ದ ಮೆಕ್ಯಾನಿಕ್ ನೀಲಪ್ಪ ಗಾಡಿಯ ಕೆಳಗೆ ನುಸುಳಿ ನೋಡಿದ, ಒಂದು ಸುತ್ತು ಹೊಡೆದು ಬಂದ, ಕಾಗದ ತಿರುವಿದ.

"ಎಂಜಿನ್ ಛಲೋ ಐತಿ, ತಳಕ್ಕ ತುಕ್ಕ ಹಿಡಿದಿಲ್ಲ. ಕಾಗದ ಸರಿ ಅದಾವ. ತಗೋರಿ" ಎಂದ.

ಅಷ್ಟರಲ್ಲಿ ರಾಚವ್ವ ಯಾರ ಕೈಯನ್ನೂ ಹಿಡಿಯದೆ ತಾನೇ ಹತ್ತಿ ನಡುವಿನ ಸೀಟಿನಲ್ಲಿ ಕೂತಿದ್ದಳು. ಮಗ ಮುಂಗಡ ಸಂಚಕಾರ ಕೊಡುವ ತನಕ ಇಳಿಯಲಿಲ್ಲ. ತಾಯಿ ಹಾಗೆ ಸಲೀಸಾಗಿ ಹತ್ತಿದ್ದನ್ನು ಕಂಡು ಕಲ್ಮೇಶನ ಕಣ್ಣು ತುಂಬಿ ಬಂತು. ಧೂಳು ಬಿತ್ತೆಂದು ಹೇಳಿ ಒರೆಸಿಕೊಂಡ. ಐದು ಲಕ್ಷದೊಳಗೇ ವ್ಯವಹಾರ ಮುಗಿದು ಗಾಡಿ ಅಂದೇ ಮನೆಗೆ ಬಂತು.

ಸೋಮವಾರ ಕಚೇರಿಯಲ್ಲಿ ಅವನು ವಾಹನ ಖರೀದಿಯ ಅನುಮತಿಗೆ ಅರ್ಜಿ ಹಾಕಿದ. ಅರ್ಜಿ ಹಿರಿಯ ಕಾರಕೂನ ಕೃಷ್ಣಾಜಿಯವರ ಮೇಜಿಗೆ ಹೋಯಿತು. ಇಲಾಖೆಯ ನಿಯಮಗಳೆಲ್ಲ ಅವರಿಗೆ ಬಾಯಿಪಾಠ. ಕೆಲವು ನಿಯಮಗಳು ಅವರ ಬಾಯಲ್ಲಿ ಮಾತ್ರ ಇದ್ದವು.

"ಕಲ್ಮೇಶ, ಕಾಲಂ ಹದಿನಾಲ್ಕು ಖಾಲಿ ಬಿಟ್ಟೀರಲ್ಲ?"

"ಅದೇನ್ರಿ ಸರ್?"

"ವಾಹನದ ಶೋಕಿ, ಅಂಶಗಳಲ್ಲಿ."

ಶೋಕಿಯನ್ನು ಅಳೆಯುವ ವಿಧಾನ ಸರಳವಾದುದು. ವಾಹನವನ್ನು ಬಸ್ ನಿಲ್ದಾಣದ ಎದುರು ಅರ್ಧ ತಾಸು ನಿಲ್ಲಿಸತಕ್ಕದ್ದು. ಎಷ್ಟು ಜನ ತಿರುಗಿ ನೋಡುತ್ತಾರೋ ಅಷ್ಟು ಅಂಶ. ಮೇಲಧಿಕಾರಿ ಬಸಲಿಂಗಪ್ಪ ಸಾಹೇಬರ ಸರ್ಕಾರಿ ಜೀಪನ್ನು ಹಿಂದೆ ಹೀಗೆಯೇ ಅಳೆದು ಹನ್ನೊಂದು ಅಂಶವೆಂದು ದಾಖಲಿಸಲಾಗಿತ್ತು. ಆ ಹನ್ನೊಂದರಲ್ಲಿ ನಾಲ್ವರು ಜೀಪಿನ ಹೊಗೆ ಕುಡಿದು ಕೆಮ್ಮುತ್ತ ತಿರುಗಿದವರು. ಸಾಹೇಬರ ಘನತೆಯ ದೃಷ್ಟಿಯಿಂದ ಅವರನ್ನೂ ಸೇರಿಸಲಾಗಿತ್ತು.

ಕಲ್ಮೇಶನ ಗಾಡಿಗೆ ನಲವತ್ಮೂರು ಬಂತು. ಒಬ್ಬ ಹಣ್ಣಿನವನು ಮೂರು ಸಲ ತಿರುಗಿ ನೋಡಿದ. ಅವನನ್ನು ಒಬ್ಬನೆಂದೇ ಹಿಡಿಯಬೇಕೆಂದು ಕಲ್ಮೇಶ ವಾದಿಸಿ ಗೆದ್ದ. ಇಲ್ಲದಿದ್ದರೆ ನಲವತ್ತೈದಾಗುತ್ತಿತ್ತು.

"ಹತ್ತಕ್ಕ ಇಳಸ್ರಿ. ಆಮ್ಯಾಲ ಅನುಮತಿ" ಎಂದು ಕೃಷ್ಣಾಜಿ ಬರೆದರು.

ಕಲ್ಮೇಶ ಅಲಾಯ್ ಚಕ್ರ ತೆಗೆಸಿ ಕಬ್ಬಿಣದ ಚಕ್ರ ಹಾಕಿಸಿದ. ಹಾಡಿನ ಪೆಟ್ಟಿಗೆ ತೆಗೆಸಿದ. ಚರ್ಮದ ಸೀಟ್ ಕವರ್ ಬಿಚ್ಚಿಸಿದ. ಬಿಚ್ಚಿದ್ದನ್ನೆಲ್ಲ ಕಚೇರಿಯ ಸುಪರ್ದಿಗೆ ಕೊಡಬೇಕೆಂದಿತ್ತು, ಕೊಟ್ಟ. ಚಕ್ರಗಳು ಇಟ್ಟಲ್ಲೇ ಹಾಳಾಗಬಾರದೆಂದು ಅವುಗಳನ್ನು ಸಾಹೇಬರ ಜೀಪಿಗೆ ಜೋಡಿಸಿ ಚಲಾವಣೆಯಲ್ಲಿಡಲಾಯಿತು. ಸೀಟ್ ಕವರಿಗೆ ಇಲಿ ಬೀಳಬಾರದೆಂದು ಅದನ್ನು ಸಾಹೇಬರ ಕುರ್ಚಿಗೆ ಹೊದಿಸಲಾಯಿತು. ಹಾಡಿನ ಪೆಟ್ಟಿಗೆಯನ್ನು ಮಾಸಿಕ ಸಭೆಯಲ್ಲಿ ಪರೀಕ್ಷಾರ್ಥವಾಗಿ ನುಡಿಸಲಾಯಿತು, ಸಭೆ ಎಂದಿಗಿಂತ ಚೆನ್ನಾಗಿ ನಡೆಯಿತು.

ಮರುಅಳತೆಯಲ್ಲಿ ಮೂವತ್ತೊಂದು ಬಂತು.

"ಮ್ಯಾಲಿನ ಗಾಜು ಕಾರಣ. ಬಣ್ಣಾನೂ ಕಾರಣ" ಎಂದರು ಕೃಷ್ಣಾಜಿ. ಕಲ್ಮೇಶ ಛಾವಣಿಯ ಗಾಜಿಗೆ ತಗಡು ಬಡಿಸಿದ. ಕೆಂಪು ಬಣ್ಣದ ಮೇಲೆ ಸ್ವಂತ ಕೈಯಿಂದ ಎರೆಮಣ್ಣಿನ ರಾಡಿ ಬಳಿದ. ಬಳಿಯುವಾಗ ಮೀನಾ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು. ಮಧು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಾಡಿಯೊಳಗೆ ಕೂತಿದ್ದ ರಾಚವ್ವ ಮಾತ್ರ, "ಕಿಡಕಿಗೆ ಬಳಿಬ್ಯಾಡೋ, ನನಗ ಹೊಲ ಕಾಣಬೇಕು" ಎಂದಳು.

ಮೂರನೆಯ ಅಳತೆಯಲ್ಲಿ ಐವತ್ತೇಳು ಬಂತು. ಇಂಥ ಚಲೋ ಗಾಡಿಗೆ ತಗಡು ಬಡಿದು ರಾಡಿ ಬಳಿದವನು ಯಾರೆಂದು ನೋಡಲು ಚಹಾದ ಅಂಗಡಿಯವರೂ ಎದ್ದು ಬಂದಿದ್ದರು.

ಅಂದು ಕಲ್ಮೇಶನ ತಾಳ್ಮೆ ಮುಗಿಯಿತು. ರಾಮದುರ್ಗದ ಕಾರ್ಯಕ್ರಮಕ್ಕೆ ಒಂಬತ್ತು ದಿನ ಉಳಿದಿತ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವನು ಕೃಷ್ಣಾಜಿಯವರ ಮೇಜಿನ ಮೇಲೆ ಎರಡೂ ಕೈ ಊರಿ ನಿಂತ.

"ಸರ್, ನನ್ನ ಚಕ್ರ ಸಾಹೇಬರ ಜೀಪಿಗೆ ಅದಾವ. ಹಂಗಾದ್ರ ಜೀಪಿನ ಶೋಕಿ ಏರಿರಬೇಕಲ್ರಿ? ಅದನ್ನೂ ಮರುಅಳತಿ ಮಾಡ್ರಿ. ಅದು ಅರವತ್ತಾದ್ರ ನನಗ ಐವತ್ತೇಳು ನಡೀತದಲ್ರಿ?"

ಕೃಷ್ಣಾಜಿ ಕನ್ನಡಕ ತೆಗೆದರು. ವಾದದಲ್ಲಿ ತಪ್ಪಿರಲಿಲ್ಲ, ಅದೇ ಅವರ ಗಾಬರಿಗೆ ಕಾರಣ. ಸಾಹೇಬರ ಒಳಕೋಣೆಗೆ ಹೋದರು. ಬಾಗಿಲ ಸಂದಿಯಿಂದ ಮಾತು ಕೇಳಿಸುತ್ತಿತ್ತು.

"ಅಳದ್ರ ಎಷ್ಟ ಬರಬಹುದು?" ಸಾಹೇಬರ ದನಿ.

"ಅರವತ್ತರ ಮ್ಯಾಲರಿ. ಜಿಲ್ಲಾ ಸಾಹೇಬರ ಕಾರಿಂದು ನಲವತ್ತೆಂಟು ಐತ್ರಿ."

ಚರ್ಮ ಹೊದಿಸಿದ ಕುರ್ಚಿ ಕಿರುಗುಟ್ಟಿತು. ಆಮೇಲೆ ಸಾಹೇಬರು, "ಏನಾರ ದಾರಿ ಹುಡುಕ್ರಿ ಕೃಷ್ಣಾಜಿ. ಅವನೂ ಮನಿ ಮಂದಿ ಇರೋ ಮನಷ್ಯಾ" ಎಂದರು. ಅವರ ಕರುಣೆಯನ್ನು ಕೇಳಿ ಕಲ್ಮೇಶನಿಗೆ ಗೌರವ ಮೂಡಿತು.

ಕೃಷ್ಣಾಜಿ ಎರಡು ದಿನ ಕಡತ ತಿರುವಿ ದಾರಿ ಕಂಡುಹಿಡಿದರು. ಶೋಕಿ ಇರುವುದು ಖಾಸಗಿ ವಾಹನಕ್ಕೆ. ಸರ್ಕಾರಿ ಕರ್ತವ್ಯದ ಮೇಲಿರುವ ವಾಹನಕ್ಕೆ ಶೋಕಿ ಇರುವುದಿಲ್ಲ, ಘನತೆ ಇರುತ್ತದೆ. ಘನತೆಯನ್ನು ಅಳೆಯುವ ಪದ್ಧತಿ ಇಲಾಖೆಯಲ್ಲಿಲ್ಲ. ಆದೇಶ ಹೀಗಿತ್ತು:

"ಶ್ರೀ ಕಲ್ಮೇಶ ಇವರ ಕೆಂಪು ವಾಹನವನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಕಚೇರಿಯ ಕರ್ತವ್ಯಕ್ಕೆ ನಿಯೋಜಿಸಲಾಗಿದೆ. ಸೋಮವಾರದಿಂದ ಶನಿವಾರದವರೆಗೆ ಸದರಿ ವಾಹನವು ಸಾಹೇಬರ ನಿವಾಸದಲ್ಲಿ ತಂಗತಕ್ಕದ್ದು. ಡೀಸೆಲ್, ದುರಸ್ತಿ ಮತ್ತು ವಿಮೆಯ ಹಕ್ಕು ಮೂಲ ಮಾಲೀಕರಲ್ಲಿಯೇ ಉಳಿಯುತ್ತದೆ; ಅದನ್ನು ಯಾರೂ ಕಸಿಯತಕ್ಕದ್ದಲ್ಲ. ರವಿವಾರ ವಾಹನವು ಅಳತೆಯ ಕೆಲಸಕ್ಕೆ ಹೊರಟಾಗ ಮಾಲೀಕರ ಕುಟುಂಬದವರು ಪಂಚ ಸಾಕ್ಷಿದಾರರೆಂದು ಜೊತೆಗೆ ಕೂಡಬಹುದು."

ಆದೇಶ ಹೊರಟ ಸಂಜೆಯೇ ಚಕ್ರಗಳು ಜೀಪಿನಿಂದ ಗಾಡಿಗೆ ಮರಳಿದವು. ಸೀಟ್ ಕವರ್ ಬಂತು, ಹಾಡಿನ ಪೆಟ್ಟಿಗೆ ಬಂತು, ತಗಡು ಹಾರಿತು. ಸಾಹೇಬರು ಖುದ್ದು ನಿಂತು ರಾಡಿ ತೊಳೆಸಿದರು. ಮುಂದೆ ಹಳದಿ ಅಕ್ಷರದ ಬೋರ್ಡು ಬಿತ್ತು: 'ಅಳತೆ ಕರ್ತವ್ಯದ ಮೇಲೆ'. ಕಲ್ಮೇಶ ಕಚೇರಿಗೆ ಬಸ್ಸಿನಲ್ಲೇ ಬರತೊಡಗಿದ. ದಾರಿಯಲ್ಲಿ ತನ್ನ ಗಾಡಿ ಬಸ್ಸನ್ನು ಹಿಂದೆ ಹಾಕಿ ಹೋದರೆ ಎದ್ದು ನಿಲ್ಲುತ್ತಿದ್ದ, ಒಳಗೆ ಸಾಹೇಬರಿರುತ್ತಿದ್ದರು.

ಮೀನಾ ಮೊದಲೆರಡು ದಿನ ಅತ್ತಳು. ರವಿವಾರ ಬೆಳಿಗ್ಗೆ ಗಾಡಿ ಮನೆಯ ಮುಂದೆ ಬಂದು ನಿಂತಾಗ ಬೋರ್ಡು ಓದಿದಳು, ಇನ್ನೊಮ್ಮೆ ಓದಿದಳು, ಒಳಗೆ ಹೋಗಿ ಉಟ್ಟಿದ್ದ ಸೀರೆ ಬದಲಿಸಿ ಅದಕ್ಕಿಂತ ಭಾರಿಯದನ್ನು ಉಟ್ಟು ಬಂದಳು.

ಸಾಲಹಳ್ಳಿಯ ಹತ್ತಿರ ಪೊಲೀಸನೊಬ್ಬ ತಡೆಯಲು ಕೈ ಎತ್ತಿದವನು ಬೋರ್ಡು ಕಂಡು ಅದೇ ಕೈಯಿಂದ ಸೆಲ್ಯೂಟ್ ಹೊಡೆದ. ರಾಚವ್ವ ಕಿಟಕಿಯಿಂದ ಅವನಿಗೆ ಆಶೀರ್ವಾದ ಮಾಡಿದಳು. ರಾಮದುರ್ಗದಲ್ಲಿ ಗಾಡಿ ನಿಂತಾಗ ಮಂಟಪದಲ್ಲಿ ಊಟಕ್ಕೆ ಕೂತಿದ್ದವರು ಸಹ ಎದ್ದರು. ಮಡಿವಾಳೆಪ್ಪ ಓಡಿ ಬಂದು ಬಾಗಿಲು ತೆಗೆದ, ಕಲ್ಮೇಶನಿಗೆ ಬಗ್ಗಿ ನಮಸ್ಕಾರ ಮಾಡಿದ, ಮೀನಾಳಿಗೂ ಮಾಡಿದ, ಗಾಡಿಗೂ ಮಾಡಿದ.

"ಏನ್ರಿ ಅಣ್ಣಾರ, ಅಳತಿ ಕರ್ತವ್ಯ ಅಂತ ಐತಿ. ಯಾರದ ಅಳತಿ?"

ಕಲ್ಮೇಶ ಪೇಚಿಗೆ ಸಿಕ್ಕಿದ. ಅಳತೆಯ ವರದಿ ಕೊಡದಿದ್ದರೆ ಮುಂದಿನ ರವಿವಾರ ಗಾಡಿ ಸಿಗುವುದಿಲ್ಲ. ಮಡಿವಾಳೆಪ್ಪನದು ಕಿರಾಣಿ ಅಂಗಡಿ, ಇಲಾಖೆಗೂ ಅವನಿಗೂ ಸಂಬಂಧವಿರಲಿಲ್ಲ. ಆದರೆ ಎದುರಿಗೆ ಹೊಸ ಮನೆಯಿತ್ತು, ಕಿಸೆಯಲ್ಲಿ ಖಾಲಿ ನಮೂನೆಯಿತ್ತು.

"ನಿಮ್ಮ ಮನಿದರಿ" ಎಂದ ಮೆಲ್ಲಗೆ.

ಮಡಿವಾಳೆಪ್ಪ ಯಾಕೆ ಎಂದು ಕೇಳಲಿಲ್ಲ. ಕುರ್ಚಿ ತರಿಸಿದ, ಶರಬತ್ತು ತರಿಸಿದ. ಕಲ್ಮೇಶ ರಸ್ತೆಯ ಆಚೆ ಕೂತು ಅರ್ಧ ತಾಸು ಎಣಿಸಿದ. ಮನೆಯನ್ನು ಅರವತ್ತಾರು ಜನ ತಿರುಗಿ ನೋಡಿದರು.

"ಎಷ್ಟ ಇರಬೇಕಾಗಿತ್ತರಿ?" ಎಂದು ಮಡಿವಾಳೆಪ್ಪ ಕೇಳಿದ.

ಅದು ಕಲ್ಮೇಶನಿಗೂ ಗೊತ್ತಿರಲಿಲ್ಲ. ಮನೆಗಳಿಗೆ ನಿಯಮವಿರಲಿಲ್ಲ. ಅವನು ಹೆಂಡತಿಯ ಮುಖ ನೋಡಿದ. ಮೀನಾ ಸೆರಗು ಸರಿಪಡಿಸಿಕೊಂಡಳು.

"ನಮ್ಮ ಮನಿಗಿಂತ ಒಂದ ಕಮ್ಮಿ ಇದ್ರ ಸಾಕ್ರಿ" ಎಂದಳು. "ನೀವು ನಮ್ಮವರ ಅದೀರಂತ ಹೇಳಾಕತ್ತೇನಿ."

ತಂಗಿ ಅಕ್ಕನ ಕೈ ಹಿಡಿದು ಉಪಕಾರ ನೆನೆದಳು. ಮಡಿವಾಳೆಪ್ಪ ಸ್ವತಃ ನಿಚ್ಚಣಿಕೆ ಹತ್ತಿ ಪಡಸಾಲೆಯ ಗಾಜಿನ ಝುಂಬರು ತೂಗುದೀಪವನ್ನು ಇಳಿಸಿದ. ಕಲ್ಮೇಶ ಸುಪರ್ದಿ ರಸೀದಿ ಬರೆದು ಕೊಟ್ಟ, ಮಧು ಪಂಚಳೆಂದು ಸಹಿ ಮಾಡಿದಳು. ದೀಪವನ್ನು ಎಲ್ಲಿಡುವುದೆಂದು ಕೇಳಿದಾಗ ರಾಚವ್ವ ನಡುವಿನ ಸೀಟಿನಲ್ಲಿ ಒಂದಿಷ್ಟು ಸರಿದು ಕೂತು, "ಇಲ್ಲೇ ಇಡ್ರೆಪಾ, ಜಾಗಾ ಭಾಳ ಐತಿ" ಎಂದಳು.