ಎದೆಯ ನೀರು, ಚಿಕ್ಕಮ್ಮನ ಕೆನೆ

ಅರವತ್ತರ ದಶಕದ ಗಂಗಾನಗರದಲ್ಲಿ ನಮ್ಮ ಚಿಕ್ಕಪ್ಪನ ಮುಂದೆ ಎದೆಯುಬ್ಬಿಸಿ ನಿಲ್ಲುವ ಧೈರ್ಯ ಯಾರಿಗೂ ಇರಲಿಲ್ಲ! ಪೈಲ್ವಾನರೆಂದುಕೊಂಡಿರಾ? ಛೆ, ಗೂಟಕ್ಕೆ ಅಂಗಿ ನೇತುಹಾಕಿದಂತಿದ್ದ ಆಸಾಮಿ. ಹೆಬ್ಬಾಳದಲ್ಲಿ ದನದ ಡಾಕ್ಟರು. ಯಾರು ಎದುರಾದರೂ ಎದೆಯ ಮೇಲೆ ಎಡಗೈ ಬೆರಳಿಟ್ಟು, ಬಲಗೈ ಬೆರಳಿನಿಂದ ಟಕ್ ಟಕ್ ಎಂದು ಬಡಿದು ಸದ್ದು ಕೇಳುತ್ತಿದ್ದರು. ಒಳಗೆ ಗಾಳಿಯಿದ್ದರೆ ಒಂದು ಸದ್ದು, ನೀರು ತುಂಬಿದ್ದರೆ ಇನ್ನೊಂದು. ನನ್ನನ್ನು ನೋಡಲು ಬಂದ ಗಂಡಿನ ಎದೆಯನ್ನೂ ಬಡಿದು, "ಒಳಗೆಲ್ಲ ಚೆನ್ನಾಗಿದೆ, ಒಪ್ಕೋ ಮಗಳೇ" ಎಂದರು. ಹುಡುಗನೇ ಒಪ್ಪಲಿಲ್ಲ.

ಆ ವರ್ಷವೇ ಶೆಟ್ಟಿಹಳ್ಳಿಯ ಮುನಿಯಪ್ಪ ತನ್ನ ಕಂದು ನಾಯಿಯನ್ನು ಹೊತ್ತು ತಂದ. ಅದಕ್ಕೆ ಮಲಗಲು ಆಗುತ್ತಿರಲಿಲ್ಲ. ಕುಳಿತೇ ಏದುಸಿರು ಬಿಡುತ್ತಿತ್ತು. ಚಿಕ್ಕಪ್ಪ ಬಡಿದು ನೋಡಿ ಸೂಜಿ ಚುಚ್ಚಿದರೆ ಹಾಲಿನಂಥ ನೀರು ಬಂತು. ತೆಗೆದಷ್ಟೂ ವಾರದೊಳಗೆ ಮತ್ತೆ ತುಂಬಿಕೊಂಡಿತು. ಎದೆ ಬಿಚ್ಚಿ, ಬೆನ್ನುಮೂಳೆಯ ಪಕ್ಕ ಊಟದ ಕೊಬ್ಬನ್ನು ಒಯ್ಯುವ ನಾಳಕ್ಕೆ ದಾರ ಕಟ್ಟಿ ಸೋರುವುದನ್ನು ನಿಲ್ಲಿಸುವುದೊಂದೇ ದಾರಿ. ಚಿಕ್ಕಪ್ಪ ಅದನ್ನು ಓದಿದ್ದರೇ ಹೊರತು ಮಾಡಿರಲಿಲ್ಲ.

"ಉಳೀತದಾ ಸಾಮಿ? ನಮ್ಮೋಳು ಸಾಕಿದ್ ನಾಯಿ. ಅವ್ಳು ಕಣ್ಮುಚ್ಚಿದ್ಮೇಲೆ ಮನೇಲಿ ನನ್ಜೊತೆ ಉಸ್ರಾಡೋದು ಇದೊಂದೇಯ" ಎಂದ ಮುನಿಯಪ್ಪ.

"ಶನಿವಾರ ಬೆಳಿಗ್ಗೆ ಒಂದು ಬಟ್ಟಲು ಕೆನೆ ತಿನ್ಸಿ ಕರ್ಕೊಂಡ್ಬಾ. ಕೊಬ್ಬು ಹೊಟ್ಟೆಗೆ ಬಿದ್ರೆ ಆ ನಾಳ ಬೆಳ್ಳಗೆ ಕಾಣತ್ತೆ."

ಶನಿವಾರ ನಾಯಿ ಬಂತು, ಖಾಲಿ ಹೊಟ್ಟೆಯಲ್ಲಿ! "ಆಂಜನೇಯ್ನಿಗೆ ಅರಕೆ ಒತ್ತಿವ್ನಿ ಸಾಮಿ. ಇಬ್ರೂ ಉಪಾಸ."

ಚಿಕ್ಕಪ್ಪ ಸೈಕಲ್ ಹತ್ತಿ ಮನೆಗೆ ಓಡಿಬಂದರು. ತವರಿನಿಂದ ಅಣ್ಣ ಊಟಕ್ಕೆ ಬರುತ್ತಾನೆ, ತುಪ್ಪ ಕಾಯಿಸಬೇಕು ಎಂದು ಚಿಕ್ಕಮ್ಮ ವಾರದಿಂದ ಕೂಡಿಟ್ಟಿದ್ದ ಕೆನೆಯ ಪಾತ್ರೆಗೇ ಕೈ ಹಾಕಿದರು.

"ಆಪರೇಷನ್ ನಾಯಿಗೋ, ನಮ್ಮನೆ ಪಾತ್ರೆಗೋ?"

"ಮೊದ್ಲು ಪಾತ್ರೆಗೆ ಕಣೇ" ಎಂದು ಹೊರಟೇಬಿಟ್ಟರು. ದೇವರಿಗೆ ತಪ್ಪುಗಾಣಿಕೆ ತೆಗೆದಿಟ್ಟ ಮೇಲೆಯೇ ಮುನಿಯಪ್ಪ ನಾಯಿಯ ಬಾಯಿಗೆ ಕೆನೆ ಬಿಟ್ಟನಂತೆ.

ಮಧ್ಯಾಹ್ನ ಎದೆ ಬಿಚ್ಚಿದರು. ಸಹಾಯಕರೊಬ್ಬರು ರಬ್ಬರ್ ಚೀಲ ಹಿಸುಕುತ್ತಾ ನಾಯಿಗೆ ಉಸಿರು ಕೊಟ್ಟರು. ಕೆನೆ ತನ್ನ ಕೆಲಸ ಮಾಡಿತ್ತು. ನಾಳ ಬಿಳಿ ನೂಲಿನ ಹಾಗೆ ಎದ್ದು ಕಂಡಿತು. ಚಿಕ್ಕಪ್ಪ ಕಟ್ಟಿಯೇಬಿಟ್ಟರು! ಒಳಗುಳಿದ ಗಾಳಿ, ನೀರು ಹೊರಬರಲೆಂದು ಪಕ್ಕೆಗೆ ಕೊಳವೆಯಿಟ್ಟು, ಗಾಳಿ ಮರಳಿ ಒಳಹೋಗದಂತೆ ಅದರ ತುದಿಯನ್ನು ನೀರಿನ ಸೀಸೆಯಲ್ಲಿ ಮುಳುಗಿಸಿದರು. ಐದು ದಿನ ಆ ಸೀಸೆಯ ಮುಂದೆಯೇ ಠಿಕಾಣಿ.

"ನಾನು ಬಾಣಂತಿ ಆಗಿದ್ದಾಗ ಐದು ನಿಮಿಷ ಪಕ್ಕದಲ್ಲಿ ಕೂತಿರ್ಲಿಲ್ಲ ಈ ಮನುಷ್ಯ" ಎಂದು ಗೊಣಗುತ್ತಲೇ ಚಿಕ್ಕಮ್ಮ ದಿನವೂ ನನ್ನ ಕೈಲಿ ಊಟ ಕಳಿಸುತ್ತಿದ್ದರು. ಜೊತೆಗೆ ನಾಯಿಗೂ ಒಂದು ಡಬ್ಬಿ.

ಐದನೆಯ ದಿನ ನಾನು ಹೋದಾಗ ನಾಯಿ ಪಕ್ಕಕ್ಕೆ ಒರಗಿ, ಕಾಲು ಚಾಚಿ ನಿದ್ದೆ ಹೋಗಿತ್ತು. ಮುನಿಯಪ್ಪ ಅದನ್ನೇ ನೋಡುತ್ತಾ ನೆಲದ ಮೇಲೆ ಕುಳಿತಿದ್ದ.

"ನಮ್ಮೋಳ್ಗೂ ಎದೇಲಿ ನೀರೇ ಸಾಮಿ. ಮೂರ್ ತಿಂಗ್ಳು ಗೋಡೆಗೊರಗಿ ಕೂತೇ ಇದ್ಲು. ಒಂದಿನಾನೂ ಇಂಗೆ ಮಲಗ್ನಿಲ್ಲ."

ಚಿಕ್ಕಪ್ಪ ಬಿಳಿ ಕೋಟಿನಲ್ಲೇ ಅವನ ಪಕ್ಕ ನೆಲದ ಮೇಲೆ ಕುಳಿತರು. ಇವರು ನನ್ನ ಚಿಕ್ಕಪ್ಪ ಎಂದು ಹೆಬ್ಬಾಳಕ್ಕೆಲ್ಲ ಕೇಳುವಂತೆ ಕೂಗಬೇಕೆನ್ನಿಸಿತು ನನಗೆ. ಮುನಿಯಪ್ಪ ನಾಯಿಯ ತಲೆ ಸವರಲು ಕೈ ಚಾಚಿದ. ಚಿಕ್ಕಪ್ಪ ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡರು.

"ಎಬ್ಬಿಸ್ಬೇಡ ಕಣಪ್ಪಾ. ಎಷ್ಟೊತ್ತು ಬೇಕೋ ಅಷ್ಟೊತ್ತು ಮಲಗ್ಲಿ."