ಹುಲ್ಲಿಗೆ ಬೈತಲೆ ತೆಗೆದ ಟ್ರ್ಯಾಕ್ಟರ್

ಯಂತ್ರದ ಮುಂದೆ ನಿಂತರೆ ಭಕ್ತಿ ಉಕ್ಕುವ ಜಾತಿಯವನು ನಾನು. ತಿಳಿವಳಿಕೆ ಕಡಿಮೆಯಾದಷ್ಟೂ ಭಕ್ತಿ ಹೆಚ್ಚು ಎಂಬುದು ಹೆಂಡತಿ ಸುಜಾತಳ ಅಭಿಪ್ರಾಯ. ನರಸಿಂಹರಾಜಪುರದ ಫಿಟ್ಟರ್ ರಹೀಮ ನಮ್ಮ ಹಳೆಯ ಟ್ರ್ಯಾಕ್ಟರಿಗೆ ಹುಲ್ಲು ಕತ್ತರಿಸುವ ಯಂತ್ರ ಜೋಡಿಸಿಕೊಟ್ಟ ದಿನವಂತೂ ನನಗೆ ಊಟದ ನೆನಪೇ ಆಗಲಿಲ್ಲ. ಬೆಲ್ಟಿಲ್ಲ, ಸರಪಳಿಯಿಲ್ಲ. ಹೈಡ್ರಾಲಿಕ್ ಪಂಪು ಒತ್ತಿದ ಎಣ್ಣೆ ಒಂದು ಪೈಪಿನಲ್ಲಿ ಹೋಗಿ, ಬ್ಲೇಡು ತಿರುಗಿಸಿ, ಇನ್ನೊಂದು ಪೈಪಿನಲ್ಲಿ ತೆಪ್ಪಗೆ ಮರಳುತ್ತದೆ. ಟ್ರೇಲರ್ ಎತ್ತುವುದಷ್ಟೇ ಗೊತ್ತಿದ್ದ ಎಣ್ಣೆ ಹೀಗೆ ಕತ್ತಿ ಬೀಸುತ್ತದೆಂದರೆ ಯಾರಿಗೆ ಬೆರಗಾಗದು? ಬಂದ ನೆಂಟರಿಗೆಲ್ಲ ಕಾಫಿಗೂ ಮೊದಲು ಅದರ ದರ್ಶನ ಮಾಡಿಸುತ್ತಿದ್ದೆ. ಆಯುಧಪೂಜೆಗೆ ನಾನೇ ಪೈಪುಗಳನ್ನು ಬಿಚ್ಚಿ, ಒರೆಸಿ, ಚೆಂಡುಹೂ ಸುತ್ತಿದೆ. ಒಂದು ಪೈಪಿಗೆ ರಹೀಮ ಸುತ್ತಿದ್ದ ಜಿಡ್ಡುಗಟ್ಟಿದ ಕೆಂಪು ಟೇಪು ಪೂಜೆಗೆ ಶೋಭಿಸದೆಂದು ಕಿತ್ತೆಸೆದೆ. ಮಂಗಳಾರತಿಯಾದ ಮೇಲೆ ಎರಡನ್ನೂ ಮತ್ತೆ ಸಿಕ್ಕಿಸಿದೆ.

ಮರುವಾರ ಕಡಹಿನಬೈಲಿನ ಮೈದಾನದಲ್ಲಿ ಮಹಿಳಾ ಮಂಡಳಿಯ ಥ್ರೋಬಾಲ್ ಪಂದ್ಯ. ಸುಜಾತಳೇ ಕ್ಯಾಪ್ಟನ್. ಮಧ್ಯಾಹ್ನದೊಳಗೆ ಮೊಣಕಾಲುದ್ದದ ಹುಲ್ಲು ಹೋಗದಿದ್ದರೆ ಪಂದ್ಯ ಎದುರಾಳಿಗಳ ಊರಾದ ಕೊಪ್ಪಕ್ಕೆ ಹೋಗುತ್ತಿತ್ತು. ನಮ್ಮ ಯಂತ್ರವಿದೆಯಲ್ಲ ಎಂದು ಮಂಡಳಿಗೆ ಮಾತು ಕೊಟ್ಟವನು ನಾನು. ಬೆಳಿಗ್ಗೆ ಠೀವಿಯಿಂದ ಎರಡು ಸುತ್ತು ಹೊಡೆದು ತಿರುಗಿ ನೋಡಿದರೆ, ಹುಲ್ಲು ಎಣ್ಣೆ ಹಚ್ಚಿ ಬೈತಲೆ ತೆಗೆದಂತೆ ಮಲಗಿದೆ, ಒಂದೆಳೆಯೂ ತುಂಡಾಗಿಲ್ಲ. ಮಂಡಳಿಯ ಹೆಂಗಸರೆಲ್ಲ ಸಾಲಾಗಿ ನಿಂತು ನೋಡುತ್ತಿದ್ದರು.

ಆಗ ನಮ್ಮಲ್ಲಿ ಮೊಬೈಲಿಗೆ ಸಿಗ್ನಲ್ ಬೇಕಾದರೆ ಎತ್ತರಕ್ಕೆ ಹತ್ತಬೇಕಿತ್ತು. ಸುಜಾತ ಎಂಜಿನ್ ಆರಿಸಲು ಹೇಳಿ, ನನ್ನನ್ನು ಇಳಿಸಿ, ಸೆರಗು ಸಿಕ್ಕಿಸಿಕೊಂಡು ಸೀಟಿನ ಮೇಲೆ ನಿಂತು ರಹೀಮನಿಗೆ ಫೋನ್ ಮಾಡಿದಳು.

"ಕೆಂಪು ಟೇಪಿನ ಪೈಪು ಯಾವ ಕಡೆ ಹಾಕಿದ್ರಿ ಅಂತ ಕೇಳ್ತಿದಾನೆ."

"ಟೇಪು ಕಿತ್ತು ಹಾಕ್ದೆ ಮಾರಾಯ್ತಿ. ಕೊಳಕಾಗಿತ್ತು."

ಅವಳು ಅದನ್ನು ಹಾಗೆಯೇ ಫೋನಿಗೆ ಒಪ್ಪಿಸಿದಳು. ಆಚೆಯಿಂದ ಬಂದ ನಗು ನನಗೂ ಕೇಳಿಸಿತು.

"ಪೈಪು ಅದಲುಬದಲಾಗಿದೆಯಂತೆ. ಬ್ಲೇಡು ಉಲ್ಟಾ ತಿರುಗ್ತಿದೆ. ಬಿಚ್ಚೋದೆಲ್ಲ ಬೇಡ, ಲಿವರ್ ಆಚೆ ಬದಿಗೆ ತಳ್ಳಿದ್ರೆ ಎಣ್ಣೆ ತಿರುಗಿ ಹರಿದು ಸರಿಹೋಗುತ್ತಂತೆ."

ನಾನು ಹತ್ತಲು ಹೋದೆ.

"ನೀವು ಅಲ್ಲೇ ಇರಿ," ಎಂದು ಅವಳೇ ಕೂತು ಎಂಜಿನ್ ಚಾಲೂ ಮಾಡಿ ಲಿವರ್ ತಳ್ಳಿದಳು. ಹುಲ್ಲು ಚಿಮ್ಮಿ ಹಾರಿತು. ಎಷ್ಟು ಮಟ್ಟಸವಾಗಿ ಕತ್ತರಿಸಿದಳೆಂದರೆ, ಕೊಪ್ಪದವರು ಬಂದವರೇ ಮೈದಾನವನ್ನು ಹೊಗಳಿದರು. ಆಮೇಲೆ ಅದೇ ಮೈದಾನದಲ್ಲಿ ಅವಳ ಕೈಯಲ್ಲಿ ಸೋತರು.

ಯಂತ್ರದ ಮೇಲಿದ್ದ ನನ್ನ ಭಕ್ತಿಯಲ್ಲಿ ಅರ್ಧ ಅಂದೇ ಅವಳ ಪಾಲಾಯಿತು. ಈಗ ಆಯುಧಪೂಜೆಗೆ ಕುಂಕುಮ ಹಚ್ಚುವವಳು ಅವಳೇ. ನನ್ನ ಪಾಲಿಗೆ ಕುಂಬಳಕಾಯಿ ಒಡೆಯುವ ಕೆಲಸ ಉಳಿದಿದೆ, ಅದೂ ಟ್ರ್ಯಾಕ್ಟರಿನಿಂದ ದೂರ ನಿಂತು.